ಬಾಯಿಗೆ ಬಂದ ಕಾಯಿ

ಈ ಬೆಳಿಗ್ಗೆ ತೆರಕಣಾಂಬಿಯಲ್ಲಿ, ನಮ್ಮ ಡಿಪೋದಲ್ಲಿ ಡ್ರೈವರಾಗಿದ್ದು ನಿವೃತ್ತರಾದ ಮಾದಪ್ಪಣ್ಣ ನನ್ನ ಬಸ್ಸು ಹತ್ತಿದರು. ಹೆಗಲ ಮೇಲೆ ಒಂದು ಗೋಣಿಚೀಲ, ಅದರ ತುಂಬ ಚೆಂಡು ಹೂವು. ನಿನ್ನೆಯ ಜಡಿಮಳೆಗೆ ನೆನೆದ ಹೂವು. ಚೀಲದ ತಳದಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ನೆನೆದ ಚೆಂಡು ಹೂವಿನ ವಾಸನೆಗೂ ಪೂಜೆಯ ತಟ್ಟೆಯ ವಾಸನೆಗೂ ಸಂಬಂಧವೇ ಇಲ್ಲ. ಯಾವುದೋ ಕಹಿ ಸೊಪ್ಪನ್ನು ಅರೆದಿಟ್ಟ ಹಾಗೆ ಗಂಟಲಿಗೆ ಅಡರುತ್ತದೆ. ಗುಂಡ್ಲುಪೇಟೆ ಕಡೆಯ ನಾವು ಆಷಾಢ, ಶ್ರಾವಣ ಎರಡು ತಿಂಗಳೂ ಅದನ್ನೇ ಉಸಿರಾಡುತ್ತೇವೆ.

ಬಸ್ಸಿನಲ್ಲಿ ಸೀಟಿರಲಿಲ್ಲ. ಬಾಗಿಲ ಪಕ್ಕದ ನನ್ನ ಕಂಡಕ್ಟರ್ ಸೀಟನ್ನು ತೋರಿಸಿದೆ.

"ನಿನ್ನ ಸೀಟು ಕಣವ್ವ ಅದು. ನಾ ನಿಂತ್ಕತೀನಿ ಬುಡು."

"ಕೂತ್ಕಳಣ್ಣ ಸುಮ್ನೆ. ನೀ ನಂಗ್ ಕೊಟ್ಟಿರ್ನಿಲ್ವಾ?"

ಮಾದಪ್ಪಣ್ಣ ಹಲ್ಲಿಲ್ಲದ ಕಡೆಯಿಂದ ನಕ್ಕು, ಚೀಲವನ್ನು ಕಾಲ ಸಂದಿಗಿಟ್ಟುಕೊಂಡು ಕೂತರು. ನಾನು ಟಿಕೆಟ್ ಕೊಡುತ್ತಾ ಹಿಂದಕ್ಕೆ ಸರಿದೆ. ಆದರೆ ವಾಸನೆ ಜೊತೆಗೇ ಬಂತು, ಅದರ ಜೊತೆಗೆ ಆ ಮಳೆಗಾಲವೂ ಬಂತು.

ಹೆಂಗಸರಿಗೆ ಟಿಕೆಟ್ ಉಚಿತವಾದ ವರ್ಷ ಅದು. ವರ್ಷಗಟ್ಟಲೆ ತವರಿನ ಮುಖ ನೋಡದ ಹೆಂಗಸರೆಲ್ಲ ಬುತ್ತಿ ಕಟ್ಟಿಕೊಂಡು ಹೊರಟಿದ್ದರು. ಹೊರಡಲಿ, ನನಗೂ ಸಂತೋಷವೇ. ಆದರೆ ಅದು ನನ್ನ ಮಂಡಿಗೂ ತಿಳಿಯಬೇಕಲ್ಲ! ಚಾಮರಾಜನಗರದಿಂದ ಗುಂಡ್ಲುಪೇಟೆಗೆ, ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ, ದಿನವಿಡೀ ಜನರ ನಡುವೆ ತೂರಿಕೊಂಡು ನಿಂತೇ ಇರಬೇಕು. ನನ್ನ ಸೀಟಿನಲ್ಲಿ ಯಾವಾಗಲೂ ಯಾರಾದರೂ ಬಾಣಂತಿಯೋ, ಮುದುಕಿಯೋ ಇರುತ್ತಿದ್ದರು. ಅವರನ್ನು ಏಳಿಸಿ ನಾನು ಕೂರುವುದಕ್ಕಾಗುತ್ತದೆಯೇ? ಸಂಜೆ ಡಿಪೋದಲ್ಲಿ ಇಳಿಯುವಾಗ ಎರಡೂ ಮಂಡಿ ಕುಂಬಳಕಾಯಿ. ಮನೆಗೆ ಹೋದರೆ ನಮ್ಮ ಯಜಮಾನರು ಹರಳೆಣ್ಣೆ ಬಿಸಿ ಮಾಡಿ ತಿಕ್ಕುತ್ತಿದ್ದರು. ಅವರು ಇನ್ನೊಬ್ಬರ ಅರಿಶಿನದ ಹೊಲದಲ್ಲಿ ಬಗ್ಗಿ ಬಗ್ಗಿ ಸೊಂಟ ಸವೆಸಿಕೊಂಡವರು. ಅವರ ಸೊಂಟಕ್ಕೆ ನಾನು ತಿಕ್ಕುತ್ತಿದ್ದೆ. ನಮ್ಮ ಸಂಸಾರದ ಸರಸ ಅಷ್ಟಕ್ಕೆ ಬಂದು ನಿಂತಿತ್ತು.

ನನಗೆ ಆಗ ಇದ್ದದ್ದು ಒಂದೇ ಆಸೆ, ಕೂರಬೇಕು. ಚಾಮರಾಜನಗರದ ಬಸ್ ನಿಲ್ದಾಣದಲ್ಲಿ ವಿದ್ಯಾರ್ಥಿಗಳಿಗೆ ಪಾಸ್ ಕೊಡುವ ಒಂದು ಕೌಂಟರ್ ಇದೆ. ಅದರೊಳಗೆ ಒಂದು ಕುರ್ಚಿ, ತಲೆಯ ಮೇಲೊಂದು ಫ್ಯಾನು. ಅಲ್ಲಿದ್ದವರು ವರ್ಷದ ಕೊನೆಗೆ ನಿವೃತ್ತರಾಗುವವರಿದ್ದರು. ನಾನು ಡಾಕ್ಟರ ಚೀಟಿ ಹಿಡಿದುಕೊಂಡು ಮ್ಯಾನೇಜರ ಬಳಿ ಹೋದೆ. ಅವರು ಕೆಟ್ಟವರೇನಲ್ಲ.

"ನೋಡಮ್ಮ ರತ್ನಮ್ಮ, ಮಂಡಿನೋವಿನ ಚೀಟಿ ನಮ್ಮ ಡಿಪೋದಲ್ಲಿ ಯಾರ ಹತ್ರ ಇಲ್ಲ ಹೇಳಿ? ನಿಮ್ಮ ಹೆಸರನ್ನೇ ಮೇಲಕ್ಕೆ ಬರೆಯೋಕೆ ನನಗೊಂದು ನೆಪ ಬೇಕು. ಕೇರಂನಲ್ಲಿ ಕೊಲಂಬೊಗೆ ಆಯ್ಕೆ ಆಗಿದ್ದೀರಂತಲ್ಲ? ಒಂದು ಪದಕ ತನ್ನಿ. ಚಿನ್ನದ್ದೇ ಆಗಬೇಕು ಅಂತಿಲ್ಲ, ಕಂಚಿನದಾದರೂ ಸಾಕು. ಕುರ್ಚಿ ನಿಮಗೇ ಹಾಕಿಸ್ತೀನಿ."

ಹೌದು, ಕೇರಂ. ನಮ್ಮ ಡಿಪೋದ ವಿಶ್ರಾಂತಿ ಕೊಠಡಿಯಲ್ಲಿ ಹೆಸರಿಗೆ ಮಾತ್ರ ವಿಶ್ರಾಂತಿ. ಇದ್ದ ಒಂದು ಬೆಂಚಿನ ಮೇಲೆ ರಾತ್ರಿ ಪಾಳಿಯವರು ಮಲಗಿರುತ್ತಿದ್ದರು. ಮೂಲೆಯಲ್ಲಿ ಹಳೆಯ ಆಯಿಲ್ ಡ್ರಮ್ಮು, ಅದರ ಮೇಲೆ ಕೇರಂ ಬೋರ್ಡು. ನಾಲ್ಕು ಜನ ಸುತ್ತ ನಿಂತು ಆಡುವುದು. ಬಸ್ಸಿನಲ್ಲೂ ನಿಂತಿದ್ದು, ಇಲ್ಲೂ ನಿಂತು ಆಡುತ್ತೀಯಲ್ಲ, ನಿನಗೇನು ಬಂತು ಎಂದು ನೀವು ಕೇಳಬಹುದು. ಮೊದಲ ಸಲ ಡ್ರೈವರ್ ಮಾದಪ್ಪಣ್ಣ "ಬಾರವ್ವ, ಒಂದ್ ಕೈ ಕಮ್ಮಿ ಅದೆ" ಎಂದು ಕರೆದರು, ಹೋದೆ. ಸ್ಟ್ರೈಕರ್ ಮುಟ್ಟಿದ ಕೂಡಲೇ ಕೈಗೆ ಹಿಡಿಸಿಬಿಟ್ಟಿತು. ದಿನವಿಡೀ ಸಾವಿರ ಜನರ ಕೈಗೆ ಟಿಕೆಟ್ ತುರುಕುವ ಬೆರಳುಗಳಿಗೆ, ನಾನು ಹೇಳಿದ ಕಡೆಗೇ ಹೋಗುವ ಒಂದು ವಸ್ತು ಸಿಕ್ಕಿತ್ತು.

ನಮ್ಮ ಆಟಕ್ಕೆ ನಮ್ಮದೇ ಒಂದು ಪದ್ಧತಿ ಇತ್ತು. ಊಟದ ಬಿಡುವಿನಲ್ಲೇ ಆಟ ಮುಗಿಯಬೇಕು. ಯಾವ ಗಳಿಗೆಯಲ್ಲಿ ಯಾರ ಬಸ್ಸಿನ ಹೆಸರು ಕೂಗುತ್ತಾರೋ ಗೊತ್ತಿಲ್ಲ. ಹಾಗಾಗಿ, ಹೊಡೆದ ಕಾಯಿ ತೂತಿನ ಬಾಯಿಯವರೆಗೆ ಹೋಗಿ ಬೀಳದೆ ನಿಂತರೆ ಅದು ಬಿದ್ದ ಹಾಗೇ ಲೆಕ್ಕ. ಆದರೆ ಹೊಡೆದವನು ಅದನ್ನು ಮುಟ್ಟುವ ಹಾಗಿಲ್ಲ. ಎದುರಾಳಿಯೇ ಕಿರುಬೆರಳಿನಿಂದ ಅದನ್ನು ಒಳಕ್ಕೆ ತಳ್ಳಬೇಕು. "ಬಾಯ್ಗೆ ಬಂದಿದ್ದ ಕಿತ್ಕಬಾರ್ದು ಕಣ್ಲಾ" ಎಂದು ಮಾದಪ್ಪಣ್ಣ ಹೊಸಬರಿಗೆಲ್ಲ ಹೇಳಿಕೊಡುತ್ತಿದ್ದರು. ತಳ್ಳದೆ ಸುಮ್ಮನೆ ನಿಂತವನನ್ನು ಎಂಜಲು ಕೈಯಲ್ಲಿ ಕಾಗೆ ಓಡಿಸದವನು ಎಂದು ಆಡಿಕೊಳ್ಳುತ್ತಿದ್ದರು. ಮೈಸೂರಿನಲ್ಲಿ ಆಯ್ಕೆ ಪಂದ್ಯ ನಡೆದಾಗಲೂ ಎದುರಿಗಿದ್ದವರೆಲ್ಲ ಬೇರೆ ಬೇರೆ ಡಿಪೋದವರೇ. ಅವರೂ ತಳ್ಳಿದರು, ನಾನೂ ತಳ್ಳಿದೆ, ತೀರ್ಪು ಕೊಡಲು ಕೂತವರೂ ನಮ್ಮವರೇ ಆದ್ದರಿಂದ ಯಾರಿಗೂ ಅದು ತಪ್ಪು ಎಂದು ಅನ್ನಿಸಲಿಲ್ಲ.

ಕೊಲಂಬೊದ್ದು ನೌಕರರಿಗೆಂದೇ ನಡೆಯುವ ಪಂದ್ಯಾವಳಿ. ಅಕ್ಕಪಕ್ಕದ ಹಲವು ದೇಶದವರು ಬರುತ್ತಿದ್ದರು. ಹೋಗಿಬರುವ ಖರ್ಚು ನೌಕರರ ಸಂಘದ್ದು. ಅಲ್ಲಿ ಕುರ್ಚಿಯಲ್ಲಿ ಕೂತೇ ಆಡಬೇಕು, ಪೃಷ್ಠ ಕುರ್ಚಿ ಬಿಡುವ ಹಾಗಿಲ್ಲ ಎಂದು ತಿಳಿದ ದಿನ ಮಾದಪ್ಪಣ್ಣನಿಗೆ ಚಿಂತೆ ಹತ್ತಿತು. ನಿಂತು ಆಡಿದವಳಿಗೆ ಕೂತರೆ ಬೋರ್ಡೇ ಬೇರೆಯಾಗಿ ಕಾಣುತ್ತದೆ. ಮೇಲಿನಿಂದ ನೋಡಿ ಅಳೆದ ದೂರವೆಲ್ಲ ಸುಳ್ಳಾಗುತ್ತದೆ. ಬಾಳೆಕಾಯಿ ತುಂಬುವ ಪ್ಲಾಸ್ಟಿಕ್ ಕ್ರೇಟುಗಳನ್ನು ಒಂದರ ಮೇಲೊಂದು ಪೇರಿಸಿ, ಡ್ರಮ್ಮಿನ ಮೇಲಿದ್ದ ಬೋರ್ಡನ್ನು ಅದಕ್ಕೆ ಇಳಿಸಿದರು. ನಾನು ಬಕೆಟ್ ಬೋರಲು ಹಾಕಿಕೊಂಡು ಕೂತೆ. ಹೊರಗೆ ಸೋನೆಮಳೆ. ಗುಂಡ್ಲುಪೇಟೆ ರಸ್ತೆಯ ಎರಡೂ ಬದಿಗೆ ಚೆಂಡು ಹೂವಿನ ಮೂಟೆಗಳು ಲಾರಿಗೆ ಕಾಯುತ್ತಾ ನೆನೆಯುತ್ತಿದ್ದವು. ಅಲ್ಲಿಂದ ಬಂದ ಪ್ರತಿ ಬಸ್ಸಿಗೂ ಅದೇ ವಾಸನೆ ಅಂಟಿಕೊಂಡು ಬಂದು ಕೊಠಡಿಯೊಳಗೆಲ್ಲ ತುಂಬುತ್ತಿತ್ತು.

"ಕೂತ್ಕಂಡ್ ಆಡದು ಅಂದ್ರೆ ರಾಜನ್ ಆಟ ಕಣವ್ವ. ಅವಸರ ಮಾಡ್ಬ್ಯಾಡ" ಎನ್ನುತ್ತಿದ್ದರು ಮಾದಪ್ಪಣ್ಣ.

"ಕಾಯಿ ತಳ್ಳಕ್ಕೆ ವಿಮಾನ ಹತ್ತೋಯ್ತಾಳೆ ಅಂತ ಊರೆಲ್ಲಾ ನಗ್ತಾ ಅವ್ರೆ" ಎಂದರು ನಮ್ಮ ಯಜಮಾನರು, ಎಣ್ಣೆ ತಿಕ್ಕುತ್ತಾ. ಆಮೇಲೆ ಇನ್ನೊಂದು ಮಂಡಿಗೆ ಕೈ ಹಾಕಿ, "ಗೆದ್ಕಂಡ್ ಬಾ. ನಿನ್ ಮಂಡಿ ನೋಡಕ್ಕಾಗಲ್ಲ ನಂಗೆ" ಎಂದರು. ಅವರು ಅಷ್ಟು ಬಿಚ್ಚಿ ಮಾತಾಡಿದ್ದು ಕಡಿಮೆ. ನಾನು ಗೋಡೆಯ ಕಡೆಗೆ ಮುಖ ತಿರುಗಿಸಿಕೊಂಡೆ.

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ನನ್ನ ಕೈಚೀಲ ತಡೆದರು. ಅಲ್ಲಿನ ಪೌಡರ್ ಹೇಗಿರುತ್ತದೋ ಏನೋ ಎಂದು ಮಾದಪ್ಪಣ್ಣ ಕೇರಂ ಪೌಡರನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ರಬ್ಬರ್ ಬ್ಯಾಂಡ್ ಸುತ್ತಿ ಕೊಟ್ಟಿದ್ದರು. ತಪಾಸಣೆಯ ಹುಡುಗಿ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಏನಮ್ಮ ಇದು?" ಎಂದಳು. ಕೇರಂಗೆ ಹಾಕುವುದು ಎಂದೆ. ಅವಳು ನನ್ನನ್ನೂ ನನ್ನ ಬಿಳಿ ಪುಡಿಯನ್ನೂ ನೋಡಿದಳು. ಇನ್ನೊಬ್ಬರು ಬಂದರು, ಮತ್ತೊಬ್ಬರು ಬಂದರು, ಮೂಸಿದರು. ನನ್ನ ಜೊತೆಗೆ ಹೊರಟಿದ್ದ ಬೇರೆ ಡಿಪೋದ ಇಬ್ಬರು ಗಂಡಸರು ನನ್ನ ಗುರುತೇ ಇಲ್ಲದವರ ಹಾಗೆ ಮುಂದಕ್ಕೆ ಹೋಗಿಬಿಟ್ಟರು. ಕೊನೆಗೆ ನನ್ನನ್ನು ಬಿಟ್ಟರು, ಪುಡಿಯನ್ನು ಇಟ್ಟುಕೊಂಡರು.

ವಿಮಾನದಲ್ಲಿ ಕೂತಾಗ ಮೊದಲು ಮಾಡಿದ ಕೆಲಸ, ತಲೆ ಎಣಿಸಿದ್ದು. ಅಭ್ಯಾಸ, ಏನು ಮಾಡುವುದು. ಆಮೇಲೆ ನಗುನಗುತ್ತಾ ತಳ್ಳುಗಾಡಿ ತಳ್ಳಿಕೊಂಡು ಆ ಕಡೆಯಿಂದ ಈ ಕಡೆಗೆ ಓಡಾಡುತ್ತಿದ್ದ ಹುಡುಗಿಯ ಎತ್ತರದ ಚಪ್ಪಲಿ ನೋಡಿದೆ. ಪಾಪ, ಇವಳಿಗೂ ಒಂದು ದಿನ ಹರಳೆಣ್ಣೆ ಬೇಕಾಗುತ್ತದೆ ಅನ್ನಿಸಿತು. ಅವಳು ಕೊಟ್ಟ ನೀರು ಕುಡಿದು "ನೀನೂ ಒಂದ್ಗಳ್ಗೆ ಕೂತ್ಕಳವ್ವ" ಎಂದೆ. ಅವಳಿಗೆ ಅರ್ಥವಾಗಲಿಲ್ಲ, ಇನ್ನೊಂದು ಲೋಟ ನೀರು ತಂದುಕೊಟ್ಟಳು.

ಕೊಲಂಬೊವನ್ನು ನಾನು ನೋಡಲಿಲ್ಲ ಎಂದೇ ಹೇಳಬೇಕು. ಸಮುದ್ರದ ಅಂಟು ಗಾಳಿ, ತೆಂಗಿನೆಣ್ಣೆಯ ಅಡುಗೆ, ಒಂದು ದೊಡ್ಡ ಹಾಲು, ಅದರಲ್ಲಿ ಸಾಲು ಸಾಲು ಬೋರ್ಡು, ಬೋರ್ಡಿಗೆರಡು ಕುರ್ಚಿ. ಅದೆಂಥ ಕುರ್ಚಿ! ಬೆನ್ನಿಗೆ ಮೆತ್ತೆ, ಕೈಗೆ ಹಿಡಿ. ಬೆಳಿಗ್ಗೆ ಕೂತರೆ ಮಧ್ಯಾಹ್ನದವರೆಗೂ ಯಾರೂ ಏಳಿಸುವುದಿಲ್ಲ. ಯಾವ ಬಾಣಂತಿಯೂ ಹತ್ತುವುದಿಲ್ಲ. ಎರಡನೆಯ ದಿನ ಮಂಡಿಯ ಬಾವು ಇಳಿದಿತ್ತು. ಜೀವಮಾನದಲ್ಲಿ ಮೊದಲ ಸಲ ನಾನು ಕೂತು ಕೆಲಸ ಮಾಡುತ್ತಿದ್ದೆ, ನನಗೆ ಅದರ ರುಚಿ ಹತ್ತಿಬಿಟ್ಟಿತು. ಆಟಕ್ಕಿಂತ ಹೆಚ್ಚಾಗಿ ಕೂತದ್ದು ನನಗೆ ನೆನಪಿದೆ ಎಂದರೆ ನಗಬೇಡಿ.

ಮೊದಲ ದಿನವೇ ನಿಯಮಗಳನ್ನು ಎಲ್ಲರಿಗೂ ಓದಿ ಹೇಳಿದ್ದರು, ತಮಿಳಿನಲ್ಲೂ ಹೇಳಿದ್ದರು. ಕೆಲವು ವರ್ಷ ಪುಣಜನೂರು ದಾಟಿ ಸತ್ಯಮಂಗಲಕ್ಕೆ ಹೋಗುವ ರೂಟಿನಲ್ಲಿ ದುಡಿದವಳು ನಾನು; ತಮಿಳು ಅರ್ಥವಾಗುತ್ತದೆ. ಬೋರ್ಡಿನ ಮೇಲಿನ ಕಾಯಿಯನ್ನು ಕೈಯಿಂದ ಸರಿಸಿದರೆ ಆ ಆಟವನ್ನೇ ಸೋತ ಹಾಗೆ ಎಂದು ಸ್ಪಷ್ಟವಾಗಿ ಕೇಳಿಸಿಕೊಂಡೆ. ಕೇಳಿಸಿಕೊಂಡು ಹೆದರಿದೆ ಕೂಡ. ಡಿಪೋದಲ್ಲಿ ಕಾಯಿ ತಳ್ಳಿ ತಳ್ಳಿ ಅಭ್ಯಾಸವಾಗಿದ್ದ ನನ್ನ ಎಡಗೈಯನ್ನು ನಾನು ನಂಬುವ ಹಾಗಿರಲಿಲ್ಲ. ಎದುರಾಳಿ ಹೊಡೆಯುವಾಗಲೆಲ್ಲ ಅದನ್ನು ತೊಡೆಯ ಕೆಳಗೆ ಹಾಕಿಕೊಂಡು ಅದರ ಮೇಲೆ ಕೂತುಬಿಡುತ್ತಿದ್ದೆ. ಹಾಗೆ ಕೂತೇ ಒಂದೊಂದಾಗಿ ಗೆದ್ದು ಕೊನೆಯ ನಾಲ್ವರಲ್ಲಿ ಒಬ್ಬಳಾದೆ. ಅಲ್ಲಿ ಮಾಲ್ಡೀವ್ಸಿನ ಒಬ್ಬ ಹೆಂಗಸು ನನ್ನನ್ನು ಒರೆಸಿಹಾಕಿದಳು. ಇನ್ನು ಉಳಿದದ್ದು ಕಂಚಿನ ಪಂದ್ಯ.

ಎದುರಿಗೆ ಕೂತವಳು ಕೊಲಂಬೊದವಳೇ, ತಮಿಳಿನವಳು, ಶಾಂತಿನಿ ಎಂದು ಹೆಸರು. ಯಾವುದೋ ಕಚೇರಿಯಲ್ಲಿ ಗುಮಾಸ್ತೆ. ನನಗಿಂತ ಚಿಕ್ಕವಳು, ಕಣ್ಣಿಗೆ ದಪ್ಪ ಕನ್ನಡಕ. ಮೊದಲ ಆಟ ಅವಳದು, ಎರಡನೆಯದು ನನ್ನದು. ಮೂರನೆಯದರ ಕೊನೆಗೆ ಬಂದಾಗ ರೆಡ್ ನನ್ನ ಕಡೆ ಬಂದಾಗಿತ್ತು. ನನ್ನದು ಒಂದೇ ಕಪ್ಪು ಉಳಿದಿತ್ತು, ಅದೂ ನೇರಕ್ಕೆ, ತೂತಿನಿಂದ ಗೇಣು ದೂರದಲ್ಲಿ. ಕಣ್ಣು ಮುಚ್ಚಿ ಹೊಡೆದರೂ ಬೀಳುವ ಕಾಯಿ. ಅವಳದು ಎರಡು ಬಿಳಿ. ಅವಳ ಸರದಿ. ಹೊಡೆದಳು. ಬಿಳಿ ಕಾಯಿ ಉರುಳಿಕೊಂಡು ಹೋಗಿ, ನನ್ನ ಎಡಗೈ ಪಕ್ಕದ ತೂತಿನ ಬಾಯಲ್ಲಿ ನಿಂತಿತು, ಬೀಳಲಿಲ್ಲ.

ನಾನು ಗೆದ್ದಿದ್ದೆ. ನನ್ನ ಒಂದು ಹೊಡೆತ ಮಾತ್ರ ಬಾಕಿ. ಆ ಕ್ಷಣಕ್ಕೆ ನನ್ನ ಮನಸ್ಸು ಅಲ್ಲಿಂದ ಎದ್ದು ಚಾಮರಾಜನಗರದ ಪಾಸ್ ಕೌಂಟರಿನೊಳಗೆ ಹೋಗಿ ಕೂತುಬಿಟ್ಟಿತು. ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ಅಮ್ಮಯ್ಯ, ಗೆದ್ದೆ, ಇನ್ನು ನಿಲ್ಲಬೇಕಾಗಿಲ್ಲ ಎಂದು ಮೈಯೆಲ್ಲ ಸಡಿಲವಾಯಿತು. ತೊಡೆಯ ಕೆಳಗಿನ ಕೈಯೂ ಸಡಿಲವಾಯಿತು. ಅದು ಎದ್ದು ಬಂದು, ದಿನವೂ ಡ್ರಮ್ಮಿನ ಮುಂದೆ ಮಾಡುತ್ತಿದ್ದ ಕೆಲಸವನ್ನು ಮಾಡಿತು. ಕಿರುಬೆರಳಿನಿಂದ ಶಾಂತಿನಿಯ ಬಿಳಿ ಕಾಯಿಯನ್ನು ಮೆಲ್ಲಗೆ ಒಳಕ್ಕೆ ತಳ್ಳಿತು.

ಕಾಯಿ ಬಲೆಗೆ ಬಿದ್ದ ಸದ್ದಿಗೆ ನನಗೆ ಎಚ್ಚರವಾಯಿತು.

ತೀರ್ಪುಗಾರರು ಕೈ ಎತ್ತಿದರು. ಶಾಂತಿನಿ ನನ್ನ ಮುಖವನ್ನೇ ನೋಡುತ್ತಾ, "ಏನ್ ಅಕ್ಕಾ ತಳ್ಳಿನೀಂಗ?" ಎಂದಳು. ಯಾಕಕ್ಕಾ ತಳ್ಳಿದಿರಿ ಎಂದು. ಆಮೇಲೆ ತೀರ್ಪುಗಾರರ ಕಡೆಗೆ ತಿರುಗಿ ಏನೇನೋ ವಾದಿಸಿದಳು. ಬೇಕಾದರೆ ಕಾಯಿಯನ್ನು ವಾಪಸು ಇಡಿ, ಆ ಅಕ್ಕ ಹೊಡೆಯಲಿ ಎಂದಳು. ಅವರು ತಲೆ ಅಲ್ಲಾಡಿಸಿದರು. ನಿಯಮ ಎಂದರೆ ನಿಯಮ. ಅವರದೇನೂ ತಪ್ಪಿಲ್ಲ.

ನನಗೆ ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಸುಸ್ತಾಯಿತು. ಇಷ್ಟು ವರ್ಷ ನಿಂತ ಸುಸ್ತೆಲ್ಲ ಒಂದೇ ಸಲಕ್ಕೆ ಬಂದು ಆ ಕುರ್ಚಿಯಲ್ಲಿ ನನ್ನ ಮೇಲೆ ಕೂತಿತು. ಕುರ್ಚಿಯಲ್ಲಿ ಕೂತೂ ಇಷ್ಟು ಸುಸ್ತಾಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಸಂಜೆ ಶಾಂತಿನಿ ನನ್ನನ್ನು ಹುಡುಕಿಕೊಂಡು ಬಂದು ಟೀ ಕುಡಿಸಿದಳು. ಅವಳ ಕೊರಳಲ್ಲಿ ಕಂಚಿನ ಪದಕ ಇರಲಿಲ್ಲ, ಬ್ಯಾಗಿನೊಳಗೆ ಹಾಕಿಕೊಂಡಿದ್ದಳು. ನನ್ನ ಕಣ್ಣಿಗೆ ಬೀಳದಿರಲಿ ಎಂದು ಹಾಗೆ ಮಾಡಿದ್ದು ನನಗೆ ಗೊತ್ತಾಯಿತು. ನಮ್ಮ ಡ್ರಮ್ಮಿನ ಕಥೆ ಹೇಳಿದೆ, ಪಾಸ್ ಕೌಂಟರಿನ ಕಥೆಯನ್ನೂ ಹೇಳಿದೆ, ನನ್ನ ಹರಕು ತಮಿಳಿನಲ್ಲಿ. ಅವಳು ಬೆನ್ನು ಹಿಡಿದುಕೊಂಡು ಎದ್ದಳು. ಕಚೇರಿಯಲ್ಲಿ ಕೂತು ಕೂತು ಸೊಂಟ ಬಿದ್ದುಹೋಗಿದೆ ಅಕ್ಕಾ, ಒಂದು ದಿನವಾದರೂ ನಿಂತು ಮಾಡುವ ಕೆಲಸ ಸಿಕ್ಕರೆ ಸಾಕಾಗಿದೆ ಎಂದಳು. ನನಗೆ ಅಷ್ಟು ದುಃಖದಲ್ಲೂ ನಗು ಬಂತು. ಅವಳಿಗೂ ಬಂತು. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ಊರಿಗೆ ಬಂದ ಮೇಲೆ ಮ್ಯಾನೇಜರು ಬೈಯಲಿಲ್ಲ. "ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವಲ್ಲಮ್ಮ" ಎಂದರು ಅಷ್ಟೆ. ಪಾಸ್ ಕೌಂಟರಿನ ಕುರ್ಚಿ ಅಪಘಾತದಲ್ಲಿ ಬೆನ್ನುಮೂಳೆಗೆ ಪೆಟ್ಟು ಬಿದ್ದಿದ್ದ ಒಬ್ಬ ಡ್ರೈವರಿಗೆ ಎಂದು ತೀರ್ಮಾನವಾಯಿತು. ಅವರ ಕಷ್ಟ ನನ್ನದಕ್ಕಿಂತ ದೊಡ್ಡದು. ಹೊಟ್ಟೆ ಉರಿದುಕೊಳ್ಳುವುದಕ್ಕೂ ನನಗೆ ಜಾಗ ಸಿಗಲಿಲ್ಲ.

ಮನೆಯಲ್ಲಿ ಯಜಮಾನರು ನನ್ನ ನಡಿಗೆ ನೋಡಿದರು. ಎಣ್ಣೆ ಬಿಸಿ ಮಾಡಲು ಎದ್ದರು.

ಡ್ಯೂಟಿಗೆ ಹೋದ ಮೊದಲ ದಿನ ಊಟದ ಹೊತ್ತಿಗೆ ನಾನು ವಿಶ್ರಾಂತಿ ಕೊಠಡಿಯ ಕಡೆ ಹೋಗಲಿಲ್ಲ. ಬಸ್ಸಿನಲ್ಲೇ ಬುತ್ತಿ ಬಿಚ್ಚಿದ್ದೆ. ಮಾದಪ್ಪಣ್ಣ ಕಿಟಕಿಯ ಕೆಳಗೆ ಬಂದು ನಿಂತರು.

"ಬಾರವ್ವ, ಒಂದ್ ಕೈ ಕಮ್ಮಿ ಅದೆ."

"ಬ್ಯಾಡ ಕಣಣ್ಣ. ಸಾಕಾಗದೆ."

"ಸಾಕಾಗಿದ್ರೆ ಅಲ್ಲೇ ಬಂದು ಸಾಕಾಗು. ಏಳು."

ಹೋದರೆ, ಡ್ರಮ್ಮು ಇರಲಿಲ್ಲ. ಎರಡು ಹಳೆಯ ಟೈರುಗಳ ಮೇಲೆ ಬೋರ್ಡು ಇಟ್ಟಿದ್ದರು. ಒಂದು ಬದಿಯಲ್ಲಿ ಬಸ್ಸಿನ ಸೀಟು. ಗುಜರಿಗೆ ಹಾಕಿದ್ದ ಯಾವುದೋ ಬಸ್ಸಿನ ಕಂಡಕ್ಟರ್ ಸೀಟನ್ನು ಬಿಚ್ಚಿ, ಕಬ್ಬಿಣದ ಕಾಲು ಬೆಸೆಸಿ, ಹರಿದ ರೆಕ್ಸಿನ್ನಿಗೆ ಹಳೆಯ ಖಾಕಿ ಬಟ್ಟೆ ಹೊಲಿಸಿದ್ದರು. "ಅವ್ರು ಕೊಡ್ದಿದ್ರೆ ಬುಡು. ಇಲ್ ಕೂತ್ಕ" ಎಂದರು ಮಾದಪ್ಪಣ್ಣ. ಖಾಕಿಯ ಹೊಲಿಗೆಯ ಮೇಲೆ ಕೈಯಾಡಿಸಿದೆ. ಕೂತೆ.

ಬೋರ್ಡು ಅಷ್ಟು ಕೆಳಗಿದ್ದದ್ದು ನನ್ನ ಒಬ್ಬಳ ಅನುಕೂಲಕ್ಕೆ. ಉಳಿದ ಮೂವರು ಗಂಡಸರು ನಾಟಿ ಹಾಕುವವರ ಹಾಗೆ ಸೊಂಟ ಬಗ್ಗಿಸಿಕೊಂಡು ಆಡಬೇಕಾಗಿತ್ತು. ನಾನಿಲ್ಲದಾಗ ಅವರೊಂದು ತೀರ್ಮಾನವನ್ನೂ ಮಾಡಿಕೊಂಡಿದ್ದರು, ಇನ್ನು ಮೇಲೆ ಯಾರೂ ಬಾಯಿಗೆ ಬಂದ ಕಾಯಿಯನ್ನು ತಳ್ಳುವುದಿಲ್ಲ ಎಂದು. ನಮ್ಮ ಪದ್ಧತಿಯಿಂದಲೇ ಆ ಹೆಣ್ಣುಮಗಳಿಗೆ ಕುರ್ಚಿ ತಪ್ಪಿತು ಎಂದು ಅವರಿಗೆ ನೋವು. ಹೊಡೆದಾದ ಮೇಲೆ ಮೂವರೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಿದ್ದರು, ಶಾಲೆಯಲ್ಲಿ ಶಿಕ್ಷೆಗೆ ನಿಂತ ಹುಡುಗರ ಹಾಗೆ. ಆಟ ಎಳೆಯುತ್ತಾ ಹೋಯಿತು. ಒಂದು ನಗುವಿಲ್ಲ, ಒಂದು ಕೀಟಲೆಯಿಲ್ಲ.

ಆಗ ಮಾದಪ್ಪಣ್ಣನ ಬಿಳಿ ಕಾಯಿ ಬಂದು ನನ್ನ ಎಡಗೈ ಪಕ್ಕದ ತೂತಿನ ಬಾಯಲ್ಲಿ ನಿಂತಿತು.

ಎಲ್ಲರೂ ಎಲ್ಲೆಲ್ಲೋ ನೋಡಿದರು. ಹೊರಗೆ ಮಳೆ ಹಿಡಿದಿತ್ತು, ಬಾಗಿಲಲ್ಲಿ ನಿಂತಿದ್ದ ಗುಂಡ್ಲುಪೇಟೆ ಬಸ್ಸಿನಿಂದ ಹೂವಿನ ವಾಸನೆ ಒಳಗೆ ಬರುತ್ತಿತ್ತು. ಮಾದಪ್ಪಣ್ಣ ಒಂದು ಕೈಯನ್ನು ಸೊಂಟದ ಮೇಲೆ ಇಟ್ಟುಕೊಂಡು, ನೋವು ತೋರಿಸಬಾರದು ಎಂದು ತುಟಿ ಕಚ್ಚಿಕೊಂಡು ಬಗ್ಗಿದ್ದರು. ಆ ವಯಸ್ಸಿಗೆ ಅಷ್ಟು ಬಗ್ಗಿ ನಿಲ್ಲುವುದು ಹುಡುಗಾಟವಲ್ಲ. ನಾನು ನನ್ನ ಕಿರುಬೆರಳನ್ನು ನೋಡಿದೆ. ಈ ಸಲ ಅದು ತಾನಾಗಿ ಏಳಲಿಲ್ಲ. ನಾನೇ ಎತ್ತಿದೆ. ತಳ್ಳಿದೆ.

"ಅಯ್ಯೋ! ಇಷ್ಟೆಲ್ಲಾ ಆದ್ಮೇಲೂ ಬುದ್ಧಿ ಬರ್ನಿಲ್ವಲ್ಲವ್ವ ನಿಂಗೆ!"

"ಬುಡಣ್ಣ. ನಿನ್ ಸೊಂಟ ನೋಯ್ತಾ ಅದೆ. ಬೇಗ ಮುಗ್ಸನ."

ಹೊರಗೆ ನಮ್ಮ ಬಸ್ಸಿನ ಹೆಸರು ಕೂಗಿದರು. ಸೀಟು ಬಹಳ ತಗ್ಗಾಗಿತ್ತು, ನನ್ನ ಮಂಡಿ ಏಳಲು ಒಪ್ಪಲಿಲ್ಲ. ಒಂದು ಕೈಯನ್ನು ಮಾದಪ್ಪಣ್ಣ, ಇನ್ನೊಂದನ್ನು ಮತ್ತೊಬ್ಬರು ಹಿಡಿದು ಎಳೆದು ನಿಲ್ಲಿಸಿದರು.

ಇವತ್ತು ಚಾಮರಾಜನಗರ ಬಂದಾಗ ಎಲ್ಲರೂ ಇಳಿದ ಮೇಲೂ ಮಾದಪ್ಪಣ್ಣ ನನ್ನ ಸೀಟಿನಲ್ಲೇ ಇದ್ದರು. ಚೀಲ ಎತ್ತಲು ನೋಡಿದರು, ಏಳಲು ನೋಡಿದರು, ಆಗಲಿಲ್ಲ. ನಾನು ಟಿಕೆಟ್ ಮಷೀನನ್ನು ಹೆಗಲಿಗೆ ಹಾಕಿಕೊಂಡು ಎರಡೂ ಕೈ ಚಾಚಿದೆ.